423 – 421: ಆ 2 ಅಂಕ ಕೈಬಿಟ್ಟಿದ್ದು ಎಲ್ಲಿ? ತಪ್ಪು ಯಾರದು?

ಸರಸ್ವತಿಪುರಂ ಸ್ಲಿಕ್ಸ್ | ಸೋಮವಾರ, 8 ಡಿಸೆಂಬರ್ 2025, ಬೆಳಿಗ್ಗೆ 7:40

ಫಾರ್ಮುಲಾ 1 (ಎಫ್1) ಕಾರ್ ರೇಸ್‌ನ ಈ ವರ್ಷದ ಅಂತಿಮ ಅಂಕ: ಮೆಕ್‌ಲಾರೆನ್ ತಂಡದ ನಾರಿಸ್ 423, ರೆಡ್ ಬುಲ್ ತಂಡದ ಮ್ಯಾಕ್ಸ್ ವೆರ್‌ಸ್ಟಾಪನ್ 421, ನಾರಿಸ್ ಜೊತೆಗಾರ ಆಸ್ಕರ್ ಪಿಯಾಸ್ಟ್ರಿ 410. ನಿನ್ನೆ ಅಬುಧಾಬಿಯಲ್ಲಿ ರೇಸ್ ಗೆದ್ದದ್ದು ಮ್ಯಾಕ್ಸ್. ಚಾಂಪಿಯನ್ ಆಗಿದ್ದು ಮೂರನೇ ಬಂದ ನಾರಿಸ್. 24 ರೇಸ್ ಓಡಿ ಕೊನೆಗೆ ಉಳಿದ ಅಂತರ ಬರೀ 2 ಅಂಕ.

ರೇಸ್ ಮುಗಿದ ಕೂಡಲೇ ನನ್ನ ಫೋನಿಗೆ ಮೆಸೇಜ್‌ಗಳ ಮಳೆ. ಒಬ್ಬ "ಬಾರ್ಸಿಲೋನಾ" ಅಂದ. ಇನ್ನೊಬ್ಬ "ಮೊಂಜಾ ನಾಟಕ" ಅಂದ. ಮೂರನೆಯವನು ಮರ್ಸಿಡಿಸ್ ಹುಡುಗ ಆಂಟೊನೆಲ್ಲಿಯನ್ನು ಬೈದ. ಆ 2 ಅಂಕ ಪ್ರತಿಯೊಬ್ಬರಿಗೂ ಒಂದೊಂದು ಕಡೆ ಸಿಕ್ಕಿದೆ.

ನಾನಂತೂ ಬಾರ್ಸಿಲೋನಾ ಪಾರ್ಟಿ. ಜೂನ್ 1ರ ರೇಸ್, 64ನೇ ಲ್ಯಾಪ್ (ಸುತ್ತು). ಮರ್ಸಿಡಿಸ್‌ನ ರಸೆಲ್‌ಗೆ ದಾರಿ ಬಿಡುವ ಹಾಗೆ ಮ್ಯಾಕ್ಸ್ ನಿಧಾನ ಮಾಡಿದ. ಆಮೇಲೆ ಮತ್ತೆ ಆಕ್ಸಿಲರೇಟರ್ ಒತ್ತಿ ಪಕ್ಕಕ್ಕೆ ಗುದ್ದಿದ. 10 ಸೆಕೆಂಡ್ ಪೆನಾಲ್ಟಿ ಬಿತ್ತು. ಐದನೇ ಸ್ಥಾನಕ್ಕೆ 10 ಅಂಕ ಬರಬೇಕಿತ್ತು, ಹತ್ತನೇ ಸ್ಥಾನಕ್ಕೆ ಇಳಿದು 1 ಅಂಕ ಬಂತು. ಒಂಬತ್ತು ಅಂಕ ಒಂದೇ ಮೂಲೆಯಲ್ಲಿ ಹೋಯಿತು. ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಕಿತ್ತಳೆ ಸೇನೆ ಮಂಡ್ಯ | 7:58

ಗುರು, ಅರ್ಧ ಕಥೆ ಹೇಳಿ ನಿಲ್ಲಿಸಿಬಿಟ್ಟೆ. ಮೊದಲಿನಿಂದ ಹೇಳು.

ಮ್ಯಾಕ್ಸ್ ಅವತ್ತು ಮೂರು ಸಲ ಪಿಟ್‌ಗೆ ಬಂದು ಟೈರ್ ಬದಲಿಸುವ ತಂತ್ರದಲ್ಲಿದ್ದ. ಎಲ್ಲ ಸರಿಯಾಗಿ ನಡೆಯುತ್ತಿತ್ತು. 55ನೇ ಲ್ಯಾಪ್‌ನಲ್ಲಿ ಆಂಟೊನೆಲ್ಲಿಯ ಎಂಜಿನ್ ಕೈಕೊಟ್ಟು ಸೇಫ್ಟಿ ಕಾರ್ (ಎಲ್ಲರನ್ನೂ ತನ್ನ ಹಿಂದೆ ನಿಧಾನಕ್ಕೆ ಓಡಿಸುವ ಕಾರು) ಬಂತು. ಎಲ್ಲರೂ ಪಿಟ್‌ಗೆ ಹೋಗಿ ಹಿಡಿತ ಜಾಸ್ತಿ ಇರುವ ಸಾಫ್ಟ್ ಟೈರ್ ಹಾಕಿಸಿಕೊಂಡರು. ರೆಡ್ ಬುಲ್ ಹತ್ತಿರ ಒಳ್ಳೆಯ ಸಾಫ್ಟ್ ಉಳಿದಿರಲಿಲ್ಲ, ಹೊಸ ಹಾರ್ಡ್ ಹಾಕಿ ಕಳಿಸಿದರು. ತಣ್ಣಗಿರುವ ಹಾರ್ಡ್ ಟೈರ್‌ನಲ್ಲಿ ರೀಸ್ಟಾರ್ಟ್ ಅಂದರೆ ಏನು ಗೊತ್ತಾ? ಕೊನೆ ಮೂಲೆಯಲ್ಲೇ ಕಾರಿನ ಹಿಂಭಾಗ ಜಾರಿತು. ಫೆರಾರಿಯ ಲೆಕ್ಲೇರ್ ಮುಂದೆ ಹೋದ, ಹೋಗುವಾಗ ತಾಗಿತು. ಮೊದಲ ಮೂಲೆಯಲ್ಲಿ ರಸೆಲ್ ಒಳಗೆ ನುಗ್ಗಿ ಮ್ಯಾಕ್ಸ್‌ನನ್ನು ಹೊರಗೆ ತಳ್ಳಿದ. ಮ್ಯಾಕ್ಸ್ ಎಸ್ಕೇಪ್ ರೋಡ್ ಹಿಡಿದು ಮತ್ತೆ ಮುಂದೆಯೇ ಬಂದ.

ಆಗ ತಂಡ ಏನು ಹೇಳಿತು? "ಜಾಗ ವಾಪಸ್ ಕೊಡು." ಸ್ಟೀವರ್ಡ್‌ಗಳು, ಅಂದರೆ ರೇಸ್ ತೀರ್ಪುಗಾರರು, ಕೇಳಿರಲಿಲ್ಲ. ತಂಡವೇ ಹೆದರಿ ಹೇಳಿತು. ಆಮೇಲೆ ಸ್ಟೀವರ್ಡ್‌ಗಳು ಮೊದಲ ಮೂಲೆಯ ಘಟನೆ ನೋಡಿ ಮ್ಯಾಕ್ಸ್ ಮೇಲೆ ಕ್ರಮ ಬೇಡ ಅಂದರು. ಅಂದರೆ ಆ ಜಾಗ ಕೊಡಬೇಕಾದ ಅಗತ್ಯವೇ ಇರಲಿಲ್ಲ! ಕೊಡದೇ ಇದ್ದಿದ್ದರೆ ನಾಲ್ಕನೇ ಸ್ಥಾನ, 12 ಅಂಕ. ಇವತ್ತು ಐದನೇ ಟ್ರೋಫಿ ಹಿಡಿದುಕೊಂಡಿರುತ್ತಿದ್ದ. ತಪ್ಪು ಪಿಟ್ ವಾಲ್‌ನದು, ಅಲ್ಲಿ ಕೂತು ಆದೇಶ ಕೊಡುವ ತಂಡದವರದು. ನನ್ನ ತೀರ್ಪು ಇಷ್ಟೇ.

ಪಪ್ಪಾಯ ಪಾಂಡವಪುರ | 8:10

ಓಹೋ. ಪಿಟ್ ವಾಲ್ ಇಳಿದು ಬಂದು ಸ್ಟೀರಿಂಗ್ ತಿರುಗಿಸಿತಾ?

ಕಿತ್ತಳೆ ಸೇನೆ ಮಂಡ್ಯ | 8:11

ಬೆಳಿಗ್ಗೆ ಬೆಳಿಗ್ಗೆ ಶುರು ಹಚ್ಚಿಕೊಂಡೆಯಾ ಮಗಾ. ಚಾಂಪಿಯನ್ ಆದ ಖುಷಿಗೆ ಮಲಗಿದ್ದೀಯ ಅಂದುಕೊಂಡಿದ್ದೆ.

ಪಪ್ಪಾಯ ಪಾಂಡವಪುರ | 8:15

ನಿದ್ದೆಯೇ ಬಂದಿಲ್ಲ. ಕೊನೆಯ ಲ್ಯಾಪ್‌ಗಳಲ್ಲಿ ಇಲ್ಲಿ ಕರೆಂಟ್ ಬೇರೆ ಹೋಯಿತು. ಮೊಬೈಲ್‌ನಲ್ಲಿ ಬಫರ್ ಆಗುತ್ತಾ ಆಗುತ್ತಾ ನೋಡಿದೆ. ನನ್ನ ಬಿಪಿಗೆ ಯಾರು ಪೆನಾಲ್ಟಿ ಕೊಡುತ್ತಾರೆ?

ವಿಷಯಕ್ಕೆ ಬರೋಣ. ಟೈರ್ ಕೆಟ್ಟದು, ಒಪ್ಪಿದೆ. ತಂಡದ ಆದೇಶ ತಪ್ಪು, ಅದನ್ನೂ ಒಪ್ಪಿದೆ. ಅಷ್ಟಾದರೂ ಐದನೇ ಸ್ಥಾನ ಕೈಯಲ್ಲೇ ಇತ್ತು. ಸುಮ್ಮನೆ ಬಿಟ್ಟಿದ್ದರೆ 10 ಅಂಕ ಭದ್ರ. ಗುದ್ದಿದ್ದು ಸಿಟ್ಟಿಗೆ. ಮಾರನೇ ದಿನ ಅವನೇ ಇನ್‌ಸ್ಟಾಗ್ರಾಂನಲ್ಲಿ ಅದು ಸರಿಯಾದ ನಡೆ ಅಲ್ಲ, ಆಗಬಾರದಿತ್ತು ಅಂತ ಬರೆದುಕೊಂಡ. ಅವನೇ ಬರೆದ ಮೇಲೆ ನೀನು ಯಾಕೆ ವಕಾಲತ್ತು ಹಾಕುತ್ತೀಯ?

ಈಗಷ್ಟೇ ಶುರು | 8:30

ನಮಸ್ಕಾರ. ನಾನು ಈ ವರ್ಷವೇ ನೋಡಲು ಶುರು ಮಾಡಿದ್ದು, ಹೆಬ್ಬಾಳದಲ್ಲಿ ಕೆಲಸ. ಒಂದು ಅನುಮಾನ. ಬೇಕಂತಲೇ ಗುದ್ದಿದ್ದರೆ ಆಚೆಗೆ ಹಾಕಬೇಕಲ್ವಾ? ಬರೀ 10 ಸೆಕೆಂಡ್ ಯಾಕೆ? ಪೆನಾಲ್ಟಿ ಪಾಯಿಂಟ್ ಅಂತ ಬೇರೆ ಏನೋ ಹೇಳುತ್ತಿದ್ದರು.

ಕೋನ್ ಮಾರ್ಷಲ್ | 8:52

ತಮ್ಮಾ, ಒಳ್ಳೆಯ ಪ್ರಶ್ನೆ. ನಾನು ನಮ್ಮ ಕಡೆಯ ಆಟೋಕ್ರಾಸ್‌ಗಳಲ್ಲಿ (ಕೋನ್ ಇಟ್ಟು ನಡೆಸುವ ಕಾರ್ ಓಟ) ಬಾವುಟ ಹಿಡಿದು ನಿಂತವನು. ನಮ್ಮಲ್ಲಿ ಕೋನ್ ಬಿದ್ದರೆ ಟೈಮ್ ಸೇರಿಸುತ್ತಾರೆ, ಅಲ್ಲಿಗೆ ಕಥೆ ಮುಗಿಯಿತು. ಬಿದ್ದದ್ದು ಕಣ್ಣಿಗೆ ಕಾಣುತ್ತದೆ. ಹೀಗಿದ್ದೂ ಚಾಲಕರು ಬಂದು "ಗಾಳಿಗೆ ಬಿತ್ತು" ಅನ್ನುತ್ತಾರೆ. ಅಲ್ಲೇ ಇಷ್ಟು ವಾದ ಇದ್ದರೆ ಗಂಟೆಗೆ 200 ಕಿಲೋಮೀಟರ್‌ನಲ್ಲಿ ಎರಡು ಕಾರು ತಾಗಿದರೆ ಕೇಳಬೇಕಾ.

ಎಫ್1ನಲ್ಲಿ ಸ್ಟೀವರ್ಡ್‌ಗಳ ಮುಂದೆ ಎಲ್ಲ ಕಡೆಯ ವಿಡಿಯೋ, ಕಾರಿನ ಒಳಗಿನ ಕ್ಯಾಮೆರಾ, ಟೆಲಿಮೆಟ್ರಿ (ಕಾರಿನಿಂದ ಬರುವ ಅಂಕಿಅಂಶ), ರೇಡಿಯೋ ಮಾತು, ಎಲ್ಲ ಇರುತ್ತದೆ. ಎಷ್ಟು ಬ್ರೇಕ್ ಹಾಕಿದ, ಸ್ಟೀರಿಂಗ್ ಎಷ್ಟು ತಿರುಗಿಸಿದ, ಎಲ್ಲ ಕಾಣುತ್ತದೆ. ಮನಸ್ಸಿನಲ್ಲಿ ಏನಿತ್ತು ಅನ್ನೋದು ಮಾತ್ರ ಯಾವ ಗ್ರಾಫ್‌ನಲ್ಲೂ ಬರುವುದಿಲ್ಲ. ಅದಕ್ಕೆ "ಬೇಕಂತಲೇ" ಅಂತ ಬರೆಯಲು ಅವರು ಹಿಂಜರಿಯುತ್ತಾರೆ. ಅವತ್ತು ಟಿವಿಯಲ್ಲಿ ಮಾಜಿ ಚಾಂಪಿಯನ್ ನಿಕೊ ರೋಸ್‌ಬರ್ಗ್ ಕಪ್ಪು ಬಾವುಟ ತೋರಿಸಬೇಕು, ಅಂದರೆ ರೇಸ್‌ನಿಂದಲೇ ಆಚೆ ಹಾಕಬೇಕು ಅಂದರು. ನನಗೂ ಆ ಹೊತ್ತಿಗೆ ಹಾಗೇ ಅನಿಸಿತ್ತು.

ಪೆನಾಲ್ಟಿ ಪಾಯಿಂಟ್ ಅಂದರೆ ಲೈಸೆನ್ಸ್ ಮೇಲೆ ಬೀಳುವ ಗುರುತು. 12 ತಿಂಗಳ ಒಳಗೆ 12 ಆದರೆ ಒಂದು ರೇಸ್ ನಿಷೇಧ. ಬಾರ್ಸಿಲೋನಾದಲ್ಲಿ ಮ್ಯಾಕ್ಸ್‌ಗೆ 3 ಬಿತ್ತು, ಒಟ್ಟು 11 ಆಯಿತು. ಮುಂದಿನ ಎರಡು ರೇಸ್, ಅಂದರೆ ಕೆನಡಾ ಮತ್ತು ಆಸ್ಟ್ರಿಯಾ, ಹಗ್ಗದ ಮೇಲೆ ನಡೆದ ಹಾಗೆ ಓಡಿಸಬೇಕಾಯಿತು. ಹಳೆಯ 2 ಪಾಯಿಂಟ್ ಕಳಚಿದ್ದು ಜೂನ್ 30ಕ್ಕೆ. ಇದು ಬರೀ ಬೆದರಿಕೆ ಅಂದುಕೊಳ್ಳಬೇಡ. 2024ರಲ್ಲಿ ಕೆವಿನ್ ಮ್ಯಾಗ್ನುಸೆನ್‌ಗೆ 12 ತುಂಬಿ ಬಾಕು ರೇಸ್ ತಪ್ಪಿತು.

ಈಗ 10 ಸೆಕೆಂಡ್ ವಿಷಯ. ನನಗೆ ತಲೆ ಕೆಡುವುದು ಇಲ್ಲೇ. ಅದೇ 10 ಸೆಕೆಂಡ್‌ಗೆ ಒಂದೊಂದು ದಿನ ಒಂದೊಂದು ಬೆಲೆ. 2021ರ ಸಿಲ್ವರ್‌ಸ್ಟೋನ್ ನೆನಪಿದೆಯಾ? ಮೊದಲ ಲ್ಯಾಪ್, ಕಾಪ್ಸ್ ಮೂಲೆ. ಹ್ಯಾಮಿಲ್ಟನ್ ತಾಗಿ ಮ್ಯಾಕ್ಸ್ 51ಜಿ (ಗುರುತ್ವದ 51 ಪಟ್ಟು) ರಭಸದಲ್ಲಿ ಟೈರ್ ಗೋಡೆಗೆ ಬಡಿದ. ಆಸ್ಪತ್ರೆಗೆ ಹೋದ. ಹ್ಯಾಮಿಲ್ಟನ್‌ಗೆ 10 ಸೆಕೆಂಡ್ ಕೊಟ್ಟರು, ಅವನು ಅದನ್ನು ಕಳೆದು 50ನೇ ಲ್ಯಾಪ್‌ನಲ್ಲಿ ಲೆಕ್ಲೇರ್‌ನನ್ನು ದಾಟಿ ರೇಸ್ ಗೆದ್ದ. 2024ರ ಆಸ್ಟ್ರಿಯಾದಲ್ಲಿ ಮ್ಯಾಕ್ಸ್ ಮತ್ತು ನಾರಿಸ್ ತಾಗಿಸಿಕೊಂಡರು. ನಾರಿಸ್ ಮನೆಗೆ, ಮ್ಯಾಕ್ಸ್‌ಗೆ 10 ಸೆಕೆಂಡ್, ಹಾಗಿದ್ದೂ ಐದನೇ ಸ್ಥಾನ. ಬಾರ್ಸಿಲೋನಾದಲ್ಲಿ ಸೇಫ್ಟಿ ಕಾರ್ ಹೋಗಿ ಎಲ್ಲರೂ ಒಟ್ಟಿಗೇ ಇದ್ದರು, ಉಳಿದದ್ದು ಎರಡೇ ಲ್ಯಾಪ್. ಅದೇ 10 ಸೆಕೆಂಡ್ ಐದು ಸ್ಥಾನ ನುಂಗಿತು. ಯಾರೂ ಏಟು ತಿನ್ನದ ಘಟನೆಗೆ ದೊಡ್ಡ ಬೆಲೆ, ಆಸ್ಪತ್ರೆಗೆ ಕಳಿಸಿದ ಘಟನೆಗೆ ಟ್ರೋಫಿ. ಪರಿಣಾಮ ನೋಡಬೇಡಿ, ಮಾಡಿದ್ದನ್ನು ನೋಡಿ ಅನ್ನೋದು ಪದ್ಧತಿ. ಸರಿಯೇ. ಆದರೆ ಶಿಕ್ಷೆಯ ಭಾರ ಮಾತ್ರ ಅವತ್ತು ಹಿಂದೆ ಯಾರು ಎಷ್ಟು ಹತ್ತಿರ ಇದ್ದಾರೆ ಅನ್ನೋದರ ಮೇಲೆ.

ಈಗಷ್ಟೇ ಶುರು | 9:01

ಈಗ ಅರ್ಥ ಆಯಿತು ಅಣ್ಣ. ಅರ್ಥ ಆಗಿ ಇನ್ನೂ ಗೊಂದಲ ಜಾಸ್ತಿ ಆಯಿತು.

ಕೆಂಪು ಕುದುರೆ | 9:05

ಫೆರಾರಿ ಅಭಿಮಾನಿ ಇಲ್ಲಿ ಹಾಜರ್. ಈ ವರ್ಷ ಒಂದೂ ಗ್ರ್ಯಾನ್ ಪ್ರಿ ಗೆಲ್ಲಲಿಲ್ಲ. ನಮಗೆ ದೂರಲು ಯಾರೂ ಸಿಗುತ್ತಿಲ್ಲ. ನೀವೆಲ್ಲ ಅದೃಷ್ಟವಂತರು, ಜಗಳ ಮುಂದುವರಿಸಿ.

81ರ ಹಿಂದೆ | 9:40

ಎಲ್ಲರೂ ಮ್ಯಾಕ್ಸ್, ನಾರಿಸ್ ಅಂತಿದ್ದೀರಿ. ಆಸ್ಕರ್ ಕಥೆ ಯಾರಿಗೂ ಬೇಡ. ಜಾಂಡ್‌ವೂರ್ಟ್ ರೇಸ್ ಮುಗಿದಾಗ ಆಸ್ಕರ್ 309, ನಾರಿಸ್ 275, ಮ್ಯಾಕ್ಸ್ 205. ಮುಂದಿನ ವಾರವೇ ಮೊಂಜಾ. ನಾರಿಸ್ ಮುಂದೆ ಇದ್ದ, ಸರಿ. ಪಿಟ್‌ನಲ್ಲಿ ಅವನ ಟೈರ್ ಹಾಕಲು ಆರು ಸೆಕೆಂಡ್ ಹತ್ತಿರ ತೆಗೆದುಕೊಂಡರು. ಅದು ರೇಸ್‌ನ ಭಾಗ ಅಲ್ವಾ? ಆಸ್ಕರ್ ಮುಂದೆ ಬಂದ. ತಂಡ ರೇಡಿಯೋದಲ್ಲಿ "ಬಿಟ್ಟುಕೊಡು" ಅಂದಿತು. ಆ ಹುಡುಗ ಬಿಟ್ಟುಕೊಟ್ಟ. ನಾರಿಸ್ ಎರಡನೇ ಸ್ಥಾನ, 18 ಅಂಕ. ಬಿಡದಿದ್ದರೆ 15.

423ರಲ್ಲಿ 3 ಕಳೆಯಿರಿ. 420. ಮ್ಯಾಕ್ಸ್ 421. ಲೆಕ್ಕ ಮುಗಿಯಿತು.

ಪಪ್ಪಾಯ ಪಾಂಡವಪುರ | 9:44

ಮೊದಲು ಪಿಟ್‌ಗೆ ಹೋಗುವ ಹಕ್ಕು ಮುಂದೆ ಇದ್ದ ನಾರಿಸ್‌ದು. ಲೆಕ್ಲೇರ್ ಹಿಂದಿನಿಂದ ಬರದ ಹಾಗೆ ಆಸ್ಕರ್‌ನನ್ನು ಮೊದಲು ಕರೆದರು. ಇದರಿಂದ ನಿನ್ನ ಜಾಗ ಹೋಗಲ್ಲ ಅಂತ ನಾರಿಸ್‌ಗೆ ಮಾತು ಕೊಟ್ಟಿದ್ದರು. ಕೊಟ್ಟ ಮಾತು ಉಳಿಸಿಕೊಂಡರು.

81ರ ಹಿಂದೆ | 9:50

ಮಾತು ಯಾವಾಗಲೂ ಒಂದೇ ಕಡೆಗೆ ಉಳಿಯುತ್ತದೆ, ಅದೇ ವಿಚಿತ್ರ. ಸಿಂಗಪುರದ ಮೊದಲ ಲ್ಯಾಪ್‌ನಲ್ಲಿ ನಾರಿಸ್ ಆಸ್ಕರ್‌ಗೆ ತಾಗಿಸಿ ಮುಂದೆ ಹೋದ. ಅಲ್ಲಿ "ಬಿಟ್ಟುಕೊಡು" ಕೇಳಿಸಲಿಲ್ಲ. ನಾರಿಸ್ ಮೂರು, ಆಸ್ಕರ್ ನಾಲ್ಕು. ಮತ್ತೆ 3 ಅಂಕ. ಇಷ್ಟು ಸಾಲದು ಅಂತ ಸಿಲ್ವರ್‌ಸ್ಟೋನ್: ಸೇಫ್ಟಿ ಕಾರ್ ಹಿಂದೆ ಜೋರಾಗಿ ಬ್ರೇಕ್ ಹಾಕಿದ ಅಂತ ಆಸ್ಕರ್‌ಗೆ 10 ಸೆಕೆಂಡ್. ಗೆಲ್ಲುವ ರೇಸ್ ನಾರಿಸ್ ಜೇಬಿಗೆ. ಬ್ರೆಜಿಲ್‌ನಲ್ಲಿ ಮತ್ತೆ 10 ಸೆಕೆಂಡ್.

ಕೋನ್ ಮಾರ್ಷಲ್ | 10:15

ಬ್ರೆಜಿಲ್ ಬಗ್ಗೆ ನಾನೂ ಒಂದು ಮಾತು ಹೇಳಬೇಕು. ಅದು ಈ ವರ್ಷದ ಅತಿ ಕಷ್ಟದ ತೀರ್ಪು.

ರೀಸ್ಟಾರ್ಟ್‌ನಲ್ಲಿ ಒಂದೇ ಸಾಲಿನಲ್ಲಿ ಮೂವರು. ಒಳಗೆ ಆಸ್ಕರ್, ನಡುವೆ ಆಂಟೊನೆಲ್ಲಿ, ಹೊರಗೆ ಲೆಕ್ಲೇರ್. ಆಸ್ಕರ್ ಟೈರ್ ಲಾಕ್ ಆಯಿತು, ಆಂಟೊನೆಲ್ಲಿಗೆ ತಾಗಿತು, ಆಂಟೊನೆಲ್ಲಿ ಹೋಗಿ ಲೆಕ್ಲೇರ್‌ಗೆ ಬಡಿದ. ಪಾಪ, ಏನೂ ಮಾಡದ ಲೆಕ್ಲೇರ್ ರೇಸ್‌ನಿಂದಲೇ ಆಚೆ. ಎಫ್1 ನಿಯಮ ಮಾಡುವ ಸಂಸ್ಥೆ ಎಫ್‌ಐಎ ಈ ಜೂನ್‌ನಲ್ಲಿ ತನ್ನ ಮಾರ್ಗಸೂಚಿಯನ್ನು ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸಿತು. ಒಳಗಿನಿಂದ ದಾಟುವವನ ಮುಂದಿನ ಚಕ್ರ, ಮೂಲೆಯ ಒಳತುದಿ ಮುಟ್ಟುವ ಮೊದಲೇ ಆಚೆಯವನ ಕನ್ನಡಿ ಮಟ್ಟಕ್ಕಾದರೂ ಬಂದಿರಬೇಕು, ಕಾರು ಹಿಡಿತದಲ್ಲಿರಬೇಕು. ಆಗ ಮಾತ್ರ ಜಾಗ ಕೇಳುವ ಹಕ್ಕು. ಸ್ಟೀವರ್ಡ್‌ಗಳು ಈ ಅಳತೆಗೋಲು ಇಟ್ಟು ನೋಡಿದರು. ಆಸ್ಕರ್ ಅಷ್ಟು ಮುಂದೆ ಬಂದಿರಲಿಲ್ಲ, ಟೈರ್ ಬೇರೆ ಲಾಕ್. ತಪ್ಪಿತಸ್ಥ.

ಅಳತೆ ಪ್ರಕಾರ ಸರಿ. ಆದರೆ ಆ ಹುಡುಗ ಎಲ್ಲಿಗೆ ಹೋಗಬೇಕಿತ್ತು? ಒಳಗೆ ಬಿಳಿ ಗೆರೆ, ಹೊರಗಿನಿಂದ ಆಂಟೊನೆಲ್ಲಿ ಒಳಕ್ಕೆ ಬರುತ್ತಿದ್ದಾನೆ. ಮಾಯವಾಗಲು ಆಗುತ್ತದಾ? ಏಟು ತಿಂದ ಲೆಕ್ಲೇರ್ ಕೂಡ ಎಲ್ಲ ತಪ್ಪನ್ನೂ ಆಸ್ಕರ್ ತಲೆಗೆ ಕಟ್ಟಲಿಲ್ಲ. ನಿಯಮ ಎಷ್ಟು ಬಿಗಿಯಾಗಿ ಬರೆದರೂ ಮೂರು ಕಾರಿನ ಘಟನೆಗೆ ಎರಡು ಕಾರಿನ ಅಳತೆ ಸಾಲುವುದಿಲ್ಲ.

ಮದ್ದೂರ್ ಮಾಮ | 10:38

ನಮ್ಮ ಕಡೆ ಎತ್ತಿನ ಗಾಡಿ ಓಟದಲ್ಲೂ ಇದೇ ಕಣ್ರಪ್ಪ. ಗೆದ್ದವನ ಎತ್ತು ನೆಟ್ಟಗೆ ಓಡಿರುತ್ತದೆ, ಸೋತವನ ಎತ್ತಿಗೆ ಯಾರೋ ಅಡ್ಡ ಬಂದಿರುತ್ತಾರೆ. ಜನ ಒಪ್ಪುವವರೆಗೆ ಬಹುಮಾನದ ಬೆಳ್ಳಿ ಗದೆ ತೀರ್ಪುಗಾರರ ಕಂಕುಳಲ್ಲೇ. ಎತ್ತನ್ನು ಮಾತ್ರ ಯಾರೂ ಬೈಯುವುದಿಲ್ಲ.

ಕಿತ್ತಳೆ ಸೇನೆ ಮಂಡ್ಯ | 10:41

ಮಾಮ 😄 ನಿಮಗೊಂದು ವಡೆ ನನ್ನ ಕಡೆಯಿಂದ.

ಈಗ ನನ್ನ ಎರಡನೇ ದೂರು. ಕತಾರ್. ಕೊನೆಯಿಂದ ಎರಡನೇ ಲ್ಯಾಪ್. ಆಂಟೊನೆಲ್ಲಿ ನಾಲ್ಕನೇ ಸ್ಥಾನ, ಹಿಂದೆ ನಾರಿಸ್. ಅಷ್ಟು ಹೊತ್ತು ದಾಟಲು ಆಗದವನು ಇದ್ದಕ್ಕಿದ್ದ ಹಾಗೆ ದಾಟಿಬಿಟ್ಟ, ಯಾಕೆಂದರೆ ಆಂಟೊನೆಲ್ಲಿ ಹೊರಗೆ ಹೋದ. ನಾರಿಸ್‌ಗೆ 10ರ ಬದಲು 12. ಆ 2 ಅಂಕ ಇಲ್ಲದಿದ್ದರೆ 421–421. ಸಮ ಆದರೆ ಗೆಲುವು ಎಣಿಸುತ್ತಾರೆ. ಮ್ಯಾಕ್ಸ್ 8, ನಾರಿಸ್ 7. ಕಪ್ ನಮ್ಮದು. ಸುಮ್ನೆ ಹೇಳುತ್ತಿಲ್ಲ, ಮ್ಯಾಕ್ಸ್‌ನ ಎಂಜಿನಿಯರ್ ಕೂಡ ರೇಡಿಯೋದಲ್ಲಿ ಅವನು ದಾರಿ ಬಿಟ್ಟ ಹಾಗಿತ್ತು ಅಂದರು. ರೆಡ್ ಬುಲ್ ಸಲಹೆಗಾರ ಮಾರ್ಕೊ ಅವರೂ ಅಂದರು.

ಒಂಟಿಕೊಪ್ಪಲ್ ಅಕ್ಕ | 11:20

ಇಲ್ಲಿಯವರೆಗೆ ಸುಮ್ಮನೆ ಓದುತ್ತಿದ್ದೆ. ಇದಕ್ಕೆ ಮಾತ್ರ ಬಿಡುವುದಿಲ್ಲ.

ಮಂಡ್ಯದ ತಮ್ಮಾ, ಅರ್ಧ ಕಥೆ ಅಂತ ಬೇರೆಯವರಿಗೆ ಹೇಳಿ ನೀನೇ ಅರ್ಧಕ್ಕೆ ನಿಲ್ಲಿಸಿದೆಯಲ್ಲ. ಮಾರನೇ ದಿನ ರೆಡ್ ಬುಲ್ ತಂಡವೇ ಹೇಳಿಕೆ ಕೊಟ್ಟಿತು. ಮರುಪ್ರಸಾರ ನೋಡಿದರೆ ಆಂಟೊನೆಲ್ಲಿ ಒಂದು ಕ್ಷಣ ಹಿಡಿತ ತಪ್ಪಿದ್ದು ಕಾಣುತ್ತದೆ, ಬೇಕಂತಲೇ ಬಿಟ್ಟ ಅನ್ನುವ ಮಾತು ತಪ್ಪು, ಇದರಿಂದ ಅವನ ಮೇಲೆ ಬೈಗುಳ ಬಿದ್ದದ್ದಕ್ಕೆ ವಿಷಾದ ಇದೆ ಅಂತ. ಅಷ್ಟರಲ್ಲಿ ಆ ಹುಡುಗನಿಗೆ 1,100ಕ್ಕೂ ಹೆಚ್ಚು ಕೆಟ್ಟ ಕಾಮೆಂಟ್‌ಗಳು ಹೋಗಿದ್ದವು, ಕೊಲೆ ಬೆದರಿಕೆ ಸೇರಿ. ಅವನ ವಯಸ್ಸು 19. ಪ್ರೊಫೈಲ್ ಚಿತ್ರವನ್ನೇ ಕಪ್ಪು ಮಾಡಿಕೊಂಡ. ನಮ್ಮ ಮನೆಯಲ್ಲೂ ಅದೇ ವಯಸ್ಸಿನ ಒಬ್ಬ ಇದ್ದಾನೆ, ಕಾಲೇಜಿಗೆ ಬೆಲ್ಟ್ ಹಾಕಿಕೊಂಡು ಹೋಗಲು ನೆನಪಿರುವುದಿಲ್ಲ.

ಸುಮ್ಮನೆ ಯೋಚನೆ ಮಾಡು. ಆಂಟೊನೆಲ್ಲಿ ಓಡಿಸುವುದು ಮರ್ಸಿಡಿಸ್. ನಾರಿಸ್ ಚಾಂಪಿಯನ್ ಆದರೆ ಅವನಿಗೆ ಏನು ಲಾಭ? ಅವನು ಆಗ ಮುಂದಿದ್ದ ಸೈನ್ಜ್‌ನನ್ನು ಹಿಡಿದು ಮೂರನೇ ಸ್ಥಾನಕ್ಕೆ ಹೋಗುವ ಪ್ರಯತ್ನದಲ್ಲಿದ್ದ. ಮುಂದಿನ ಕಾರಿನ ಕಲಕಿದ ಗಾಳಿಯಲ್ಲಿ ಹಿಡಿತ ಕಡಿಮೆ. ಟೈರ್ ಹಳೆಯದು. ಅಂಥ ವೇಗದ ಮೂಲೆಯಲ್ಲಿ ಜಾರಿದ. ನಾನು ಆ ಕ್ಲಿಪ್ ನಿಧಾನಕ್ಕೆ ಹಾಕಿ ನೋಡಿದ್ದೇನೆ, ಸ್ಟೀರಿಂಗ್ ಮೇಲೆ ಅವನ ಕೈ ಒದ್ದಾಡುವುದು ನೋಡು. ನಾಟಕ ಆಡುವವನ ಕೈ ಹಾಗಿರುವುದಿಲ್ಲ.

ಅದೇ ಆಂಟೊನೆಲ್ಲಿ ಜೂನ್ 29ರಂದು ಆಸ್ಟ್ರಿಯಾದಲ್ಲಿ ಮೊದಲ ಲ್ಯಾಪ್‌ನಲ್ಲೇ ಮ್ಯಾಕ್ಸ್‌ಗೆ ಗುದ್ದಿದ. ಅದು ಪೂರ್ತಿ ಅವನ ತಪ್ಪು. ಮ್ಯಾಕ್ಸ್‌ಗೆ ಆ ದಿನ ಸೊನ್ನೆ ಅಂಕ. ಆಂಟೊನೆಲ್ಲಿಗೆ ಮುಂದಿನ ರೇಸ್‌ನಲ್ಲಿ ಮೂರು ಸ್ಥಾನ ಹಿಂದಿನಿಂದ ಶುರು ಮಾಡುವ ಶಿಕ್ಷೆ. ನೀನು ನಿಜವಾಗಿ 2 ಅಂಕ ಹುಡುಕುವವನಾಗಿದ್ದರೆ ಅಲ್ಲಿ ಕೈ ಹಾಕಬೇಕಿತ್ತು. ಅದನ್ನು ಒಬ್ಬರೂ ಎತ್ತುತ್ತಿಲ್ಲ. ಯಾಕೆ ಗೊತ್ತಾ? ಅಲ್ಲಿ ಒಳಸಂಚಿನ ಕಥೆ ಇಲ್ಲ. ಬರೀ ಒಬ್ಬ ಹುಡುಗ ಬ್ರೇಕ್ ತಡವಾಗಿ ಹಾಕಿದ ಅಷ್ಟೇ.

ಯಾದವಗಿರಿ ಯೆಜ್ಡಿ ತಾತ | 11:45

ಅಕ್ಕ ಹೇಳಿದ್ದು ಸರಿ. ನಾನು ಹಳೆಯ ಕಾಲದವನು. ನಮ್ಮ ಮನೆ ಹತ್ತಿರವೇ ಐಡಿಯಲ್ ಜಾವಾ ಕಾರ್ಖಾನೆ ಇತ್ತು. ಜಾವಾ, ಯೆಜ್ಡಿ ಗಾಡಿಗಳು ಹೊರಬಂದದ್ದು ಅಲ್ಲಿಂದಲೇ, 1996ರಲ್ಲಿ ಬಾಗಿಲು ಹಾಕಿತು. ಆ ಕಾಲದಲ್ಲಿ ರೇಸ್ ಅಂದರೆ ಚೆನ್ನೈ ಪಕ್ಕದ ಶೋಲಾವರಂ, ಹಳೆಯ ವಿಮಾನದ ರನ್‌ವೇ. ಕ್ಯಾಮೆರಾ ಇಲ್ಲ, ಟೆಲಿಮೆಟ್ರಿ ಇಲ್ಲ. ಯಾರು ಯಾರಿಗೆ ತಾಗಿಸಿದರು ಅನ್ನೋದು ಹುಲ್ಲಿನ ಮೂಟೆ ಪಕ್ಕ ನಿಂತವನ ಬಾಯಿಮಾತು. ಈಗ ನೂರು ಕೋನದಿಂದ ತೋರಿಸುತ್ತಾರೆ, ಆದರೂ ಜಗಳ ಕಡಿಮೆ ಆಗಿಲ್ಲ.

2011ರಲ್ಲಿ ಬುದ್ಧ ಸರ್ಕ್ಯೂಟ್‌ನಲ್ಲಿ ನಮ್ಮ ದೇಶದ ಮೊದಲ ಗ್ರ್ಯಾನ್ ಪ್ರಿ ನಡೆಯಿತಲ್ಲ, ಆಗಲೂ ಹ್ಯಾಮಿಲ್ಟನ್ ಮತ್ತು ಮಾಸಾ ತಾಗಿಸಿಕೊಂಡರು. ಶಿಕ್ಷೆ ಆಗಿದ್ದು ಮಾಸಾಗೆ. ಹ್ಯಾಮಿಲ್ಟನ್ ತಪ್ಪು ಅನ್ನುವ ಗೆಳೆಯ ನನಗೆ ಇನ್ನೂ ಇದ್ದಾನೆ. ಕುಕ್ಕರಹಳ್ಳಿ ಕೆರೆ ವಾಕಿಂಗ್‌ನಲ್ಲಿ ಸಿಕ್ಕಾಗಲೆಲ್ಲ ಅದೇ ರಾಗ.

ಪಪ್ಪಾಯ ಪಾಂಡವಪುರ | 12:05

ತಾತ, ನಿಮ್ಮ ಹತ್ತಿರ ಯೆಜ್ಡಿ ಇನ್ನೂ ಇದೆಯಾ? ಫೋಟೋ ಹಾಕಿ.

ಯಾದವಗಿರಿ ಯೆಜ್ಡಿ ತಾತ | 12:20

ಇದೆ. ಫೋಟೋ ಹಾಕುವುದು ಮೊಮ್ಮಗಳು ಬಂದ ಮೇಲೆ.

81ರ ಹಿಂದೆ | 12:32

ಕತಾರ್ ಅಂದ ಮೇಲೆ ನಾನು ಮತ್ತೆ ಬರಲೇಬೇಕು. ಅಲ್ಲಿ ತಪ್ಪು ಮಾಡಿದ್ದು ಆಂಟೊನೆಲ್ಲಿ ಅಲ್ಲ, ಮೆಕ್‌ಲಾರೆನ್.

ಆ ರೇಸ್‌ಗೆ ಒಂದು ಸೆಟ್ ಟೈರ್ 25 ಲ್ಯಾಪ್‌ಗಿಂತ ಜಾಸ್ತಿ ಓಡಿಸುವ ಹಾಗಿಲ್ಲ ಅಂತ ಮೊದಲೇ ನಿಯಮ ಮಾಡಿದ್ದರು. ಒಟ್ಟು 57 ಲ್ಯಾಪ್. ಏಳನೇ ಲ್ಯಾಪ್‌ನಲ್ಲಿ ಹಲ್ಕೆನ್‌ಬರ್ಗ್, ಗ್ಯಾಸ್ಲಿ ತಾಗಿಸಿಕೊಂಡು ಸೇಫ್ಟಿ ಕಾರ್ ಬಂತು. 57ರಲ್ಲಿ 7 ಹೋದರೆ 50. ಸರಿಯಾಗಿ ಎರಡು 25. ದೇವರೇ ಬರೆದು ಕೊಟ್ಟ ಹಾಗೆ! ಹೆಚ್ಚುಕಡಿಮೆ ಎಲ್ಲ ತಂಡಗಳೂ ಆಗಲೇ ಪಿಟ್‌ಗೆ ಬಂದವು. ಮುಂದೆ ಇದ್ದ ಮೆಕ್‌ಲಾರೆನ್ ಎರಡೂ ಕಾರನ್ನು ಹೊರಗೇ ಬಿಟ್ಟಿತು. ಪೋಲ್‌ನಿಂದ, ಅಂದರೆ ಎಲ್ಲರಿಗಿಂತ ಮುಂದಿನ ಜಾಗದಿಂದ ಹೊರಟ ಆಸ್ಕರ್ ಎರಡನೇ ಸ್ಥಾನಕ್ಕೆ, ನಾರಿಸ್ ನಾಲ್ಕಕ್ಕೆ, ಗೆಲುವು ಮ್ಯಾಕ್ಸ್‌ಗೆ. ಮ್ಯಾಕ್ಸ್‌ಗೆ ಉಡುಗೊರೆ ಕೊಟ್ಟದ್ದು ನಾವು. ಮ್ಯಾಕ್ಸ್ ಅಭಿಮಾನಿಗಳು ಕತಾರ್ ಬಗ್ಗೆ ಅಳಬೇಕಾದರೆ ಸ್ವಲ್ಪ ನಾಚಿಕೆ ಪಡಲಿ.

ಕಿತ್ತಳೆ ಸೇನೆ ಮಂಡ್ಯ | 12:40

ಉಡುಗೊರೆ ತಗೊಳ್ಳೋಕೂ ಸರಿಯಾದ ಜಾಗದಲ್ಲಿ ಇರಬೇಕು ಗುರು. 104 ಅಂಕ ಹಿಂದೆ ಇದ್ದವನು 2 ಅಂಕಕ್ಕೆ ಬಂದು ನಿಂತ. ಅದನ್ನು ಯಾರ ಉಡುಗೊರೆ ಅಂತೀಯ?

ಸರಸ್ವತಿಪುರಂ ಸ್ಲಿಕ್ಸ್ | 1:15

ಅದಕ್ಕೆ ನನ್ನ ಕಡೆಯಿಂದಲೂ ಚಪ್ಪಾಳೆ. ಕಡೆಯ ಒಂಬತ್ತು ರೇಸ್‌ನಲ್ಲಿ ಆರು ಗೆದ್ದ. ಆದರೆ ಇದೇ ಕಾರಣಕ್ಕೆ ನನಗೆ ಬಾರ್ಸಿಲೋನಾ ಜಾಸ್ತಿ ನೋವು. ಅಷ್ಟೊಂದು ಬೆವರು ಸುರಿಸಿ ವಾಪಸ್ ತಂದದ್ದು ಅವನೇ, ಒಂದು ಸಿಟ್ಟಿಗೆ ಚೆಲ್ಲಿದ್ದೂ ಅವನೇ.

ನಾರಿಸ್ ಪಟ್ಟಿಯೂ ಚಿಕ್ಕದಲ್ಲ. ಕೆನಡಾದಲ್ಲಿ ತನ್ನ ಜೊತೆಗಾರನ ಹಿಂಭಾಗಕ್ಕೇ ಗುದ್ದಿ ಸೊನ್ನೆ. ತಪ್ಪು ತನ್ನದೇ ಅಂತ ರೇಡಿಯೋದಲ್ಲೇ ಒಪ್ಪಿಕೊಂಡ, ಅದಕ್ಕೆ ಜಗಳವೇ ಬೆಳೆಯಲಿಲ್ಲ. ಜಾಂಡ್‌ವೂರ್ಟ್‌ನಲ್ಲಿ ಎರಡನೇ ಸ್ಥಾನದಲ್ಲಿದ್ದಾಗ ಆಯಿಲ್ ಸೋರಿ ಕಾರು ನಿಂತಿತು, 18 ಅಂಕ. ಲಾಸ್ ವೇಗಸ್‌ನಲ್ಲಿ ಕಾರಿನ ತಳದ ಹಲಗೆ ಸವೆದು 9 ಮಿಲಿಮೀಟರ್‌ಗಿಂತ ತೆಳುವಾಗಿದೆ ಅಂತ ಎರಡನೇ ಸ್ಥಾನದಿಂದಲೇ ಅನರ್ಹ, ಮತ್ತೆ 18.

ಒಂಟಿಕೊಪ್ಪಲ್ ಅಕ್ಕ | 2:30

ಊಟ ಆಯಿತು, ಈಗ ಪೂರ್ತಿ ಹೇಳುತ್ತೇನೆ.

ನೀವು ಎಲ್ಲರೂ ಒಂದೊಂದು ರೇಸ್ ಹಿಡಿದು ಅಂಕ ಕಳೆದು ಕೂಡಿ ಮಾಡುತ್ತಿದ್ದೀರಿ. ಆ ಲೆಕ್ಕದಲ್ಲೇ ಒಂದು ತೂತು ಇದೆ. ನಾರಿಸ್ ಅಬುಧಾಬಿಗೆ ಬಂದಾಗ 408, ಮ್ಯಾಕ್ಸ್ 396. ಮೂರನೇ ಸ್ಥಾನ ಸಾಕು ಅಂತ ಅವನಿಗೆ ಗೊತ್ತಿತ್ತು. ಮೊದಲ ಲ್ಯಾಪ್‌ನಲ್ಲಿ ಆಸ್ಕರ್ ದಾಟಿದಾಗ ಅವನು ಪ್ರಾಣ ಬಿಟ್ಟು ಕಾದಾಡಲಿಲ್ಲ, ಬೇಕಾಗಿರಲಿಲ್ಲ. ಮೊಂಜಾದ 3 ಅಂಕ ಇಲ್ಲದಿದ್ದರೆ 405ಕ್ಕೆ ಬರುತ್ತಿದ್ದ, ಮೂರನೇ ಸ್ಥಾನ ಸಾಲುತ್ತಿರಲಿಲ್ಲ, ಬೇರೆ ಥರ ಓಡಿಸುತ್ತಿದ್ದ. ಗೆಲ್ಲುತ್ತಿದ್ದನೋ, ಗೋಡೆಗೆ ಹೋಗುತ್ತಿದ್ದನೋ ಯಾರಿಗೆ ಗೊತ್ತು? ಒಂದು ರೇಸ್ ಬದಲಾದರೆ ಮುಂದಿನವು ಹಾಗೇ ಇರುವುದಿಲ್ಲ. ಅಂಕಪಟ್ಟಿಯಿಂದ 2 ಕಳೆದು "ನೋಡಿ, ಇಲ್ಲೇ ಹೋಯಿತು" ಅನ್ನೋದು ಮಾತಿಗೆ ಚೆಂದ ಅಷ್ಟೇ.

ಅಂಕ ಬಿಟ್ಟು ತಪ್ಪು ಯಾರದು ಅಂತ ಕೇಳಿದರೆ ಮಾತ್ರ ಉತ್ತರ ಸಿಗುತ್ತದೆ. ಆಯಿಲ್ ಸೋರಿದ್ದಕ್ಕೆ ಚಾಲಕನನ್ನು ಬೈಯಲು ಆಗುವುದಿಲ್ಲ. ಆಂಟೊನೆಲ್ಲಿ ಎರಡು ಸಲ ಎಡವಿದ, ಒಂದು ಸಲ ಮ್ಯಾಕ್ಸ್‌ಗೆ ನಷ್ಟ, ಇನ್ನೊಂದು ಸಲ ಸ್ವಂತಕ್ಕೇ ನಷ್ಟ. ಅದು ಕಲಿಯುವವನ ಎಡವು. ಮೊಂಜಾ ಒಂದು ತಂಡದ ನಿರ್ಧಾರ, ಇಷ್ಟ ಆಗಲಿಲ್ಲ ಅಂದರೂ ನಿಯಮದ ಒಳಗೇ ಇತ್ತು. ಬಾರ್ಸಿಲೋನಾ ಇವುಗಳ ಜೊತೆ ಸೇರುವುದಿಲ್ಲ. ಅಲ್ಲಿ ಒಬ್ಬ ನಾಲ್ಕು ಸಲದ ಚಾಂಪಿಯನ್‌ಗೆ ಏನು ಮಾಡುತ್ತಿದ್ದೇನೆ ಅಂತ ಗೊತ್ತಿತ್ತು, ಮಾಡಿದ. ನನಗೆ ಮ್ಯಾಕ್ಸ್ ತುಂಬಾ ಇಷ್ಟ. ಬ್ರೇಕ್ ಮೇಲೆ ಅವನಿಗಿರುವ ಹಿಡಿತ ಬೇರೆ ಯಾರಿಗೂ ಇಲ್ಲ. ಅಷ್ಟು ಹಿಡಿತ ಇರುವವನು "ಕಾರು ಹೋಯಿತು" ಅನ್ನಲು ಆಗುವುದಿಲ್ಲ ಅಲ್ವಾ?

ಕಿತ್ತಳೆ ಸೇನೆ ಮಂಡ್ಯ | 2:48

ಅಕ್ಕ, ನೀವು ಹೇಳಿದರೆ ಎದುರು ಮಾತಾಡಲು ಕಷ್ಟ. ಆದರೆ ತಂಡದ ಆದೇಶಕ್ಕೆ ಉತ್ತರ ಕೊಡಲಿಲ್ಲ. ಸ್ಟೀವರ್ಡ್‌ಗಳೇ ಕ್ರಮ ಬೇಡ ಅಂದ ಘಟನೆಗೆ ತಂಡ ಜಾಗ ಬಿಡಿಸಿತು. ಸಿಟ್ಟು ಬರದೇ ಇರುತ್ತಾ?

ಒಂಟಿಕೊಪ್ಪಲ್ ಅಕ್ಕ | 3:05

ತಂಡಕ್ಕೆ ಆ ಹೊತ್ತಿನಲ್ಲಿ ಸ್ಟೀವರ್ಡ್‌ಗಳ ಮನಸ್ಸು ಗೊತ್ತಿರಲಿಲ್ಲ. ಟ್ರ್ಯಾಕ್ ಹೊರಗಿನಿಂದ ಮುಂದೆ ಉಳಿದುಕೊಂಡರೆ ಪೆನಾಲ್ಟಿ ಬರಬಹುದು, ಲ್ಯಾಪ್ ಉಳಿದಿಲ್ಲ, ಹಿಂದೆ ಎಲ್ಲರೂ ಅಂಟಿಕೊಂಡಿದ್ದಾರೆ. ನಾಲ್ಕು ಬಿಟ್ಟು ಐದು ತಗೊಳ್ಳೋಣ ಅಂದರು. 2 ಅಂಕ ಕಳೆದುಕೊಂಡು 10 ಉಳಿಸಿಕೊಳ್ಳುವ ಲೆಕ್ಕ. ಆ ಕುರ್ಚಿಯಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಹಾರ್ಡ್ ಟೈರ್ ಹಾಕಿದ್ದು ಮಾತ್ರ ನನಗೂ ಇವತ್ತಿನವರೆಗೆ ಅರಗಿಲ್ಲ. ಆ ದೂರು ನಿನ್ನದು, ಇಟ್ಟುಕೋ.

ಈಗಷ್ಟೇ ಶುರು | 3:20

ಇನ್ನೊಂದು ಕೊನೇ ಪ್ರಶ್ನೆ. ನಿನ್ನೆ ಮ್ಯಾಕ್ಸ್ ಜೊತೆಗಾರ ಸುನೊಡಾ ನಾರಿಸ್‌ಗೆ ಅಡ್ಡಡ್ಡ ಓಡಿಸಿದ್ದಕ್ಕೆ ಏನಾಯಿತು? ನಾರಿಸ್ ಟ್ರ್ಯಾಕ್ ಹೊರಗೆ ಹೋಗಿ ದಾಟಿದ ಹಾಗಿತ್ತು.

ಕೋನ್ ಮಾರ್ಷಲ್ | 3:34

ಸುನೊಡಾಗೆ 5 ಸೆಕೆಂಡ್. ಒಂದಕ್ಕಿಂತ ಹೆಚ್ಚು ಸಲ ದಿಕ್ಕು ಬದಲಿಸಿದ ಅಂತ. ನಾರಿಸ್‌ನನ್ನೂ ವಿಚಾರಣೆಗೆ ತಗೊಂಡರು, ಹೊರಗೆ ತಳ್ಳಲ್ಪಟ್ಟವನು ಅಂತ ಬಿಟ್ಟರು. ನನ್ನ ಪ್ರಕಾರ ಎರಡೂ ಸರಿ.

ಕಿತ್ತಳೆ ಸೇನೆ ಮಂಡ್ಯ | 3:36

ಎರಡನೆಯದು ತಪ್ಪು.

ಪಪ್ಪಾಯ ಪಾಂಡವಪುರ | 3:37

ಬಂತಪ್ಪಾ ಹೊಸ 2 ಅಂಕ.

ಕಿತ್ತಳೆ ಸೇನೆ ಮಂಡ್ಯ | 3:50

ಮಾರ್ಚ್ 8ಕ್ಕೆ ಮೆಲ್ಬರ್ನ್. ನಮ್ಮ ಟೈಮ್ ಬೆಳಿಗ್ಗೆ ಒಂಬತ್ತೂವರೆ. ಎಲ್ಲರೂ ಒಂದೇ ಕಡೆ ನೋಡೋಣವಾ? ಮೈಸೂರಾದರೂ ಸರಿ, ಮಂಡ್ಯ ಆದರೂ ಸರಿ. ಪಾಂಡವಪುರ ಬೇಡ, ಕರೆಂಟ್ ಇರಲ್ಲ.

ಮದ್ದೂರ್ ಮಾಮ | 4:02

ಮದ್ದೂರು ಎಲ್ಲರಿಗೂ ಹತ್ತಿರ. ವಡೆ ನಾನು ಕೊಡಿಸುತ್ತೇನೆ, ಟಿವಿ ಯಾರಾದರೂ ತನ್ನಿ.